ಶುಕ್ರವಾರದ ಹಾಜರಿ

ಎಸ್ಟೇಟಿನಲ್ಲಿ ರೈಟರ್ ಅಂದರೆ ಹಾಜರಿ ಬರೆಯುವವನು. ಬೆಳಿಗ್ಗೆ ಕಾಫಿ ಕಣದಲ್ಲಿ ನಿಂತು ಯಾರು ಬಂದರು, ಯಾರು ಬರಲಿಲ್ಲ, ಯಾರನ್ನು ಯಾವ ಬ್ಲಾಕಿಗೆ ಅಟ್ಟಬೇಕು ಅಂತ ನೋಡಿಕೊಳ್ಳುವವನು. ಸಂಜೆ ಹಣ್ಣು ತೂಗಿಸುವವನು. ಆನೆ ಬಂದರೂ, ಅಕಾಲದಲ್ಲಿ ಮಳೆ ಬಂದರೂ, ಸಾವ್ಕಾರ್ರಿಗೆ ಸುಮ್ಮಸುಮ್ಮನೆ ಸಿಟ್ಟು ಬಂದರೂ ಎಲ್ಲರಿಗಿಂತ ಮೊದಲು ಬೈಸಿಕೊಳ್ಳುವವನೂ ಅವನೇ. ಕೊಡ್ಲಿಪೇಟೆಯಿಂದ ಒಳಕ್ಕೆ ಹೋದರೆ ಸಿಗುವ ಮೊಣ್ಣಪ್ಪನವರ ತೋಟದಲ್ಲಿ ನಾಗಾರ್ಜುನ ಈ ಕೆಲಸವನ್ನು ಮದುವೆಗೆ ಮುಂಚಿನಿಂದ ಮಾಡಿಕೊಂಡು ಬಂದಿದ್ದ. ಒಳ್ಳೆಯ ರೈಟರ್ ಅಂತ ಸುತ್ತಮುತ್ತ ಹೆಸರೂ ಇತ್ತು. ಹೋದ ವರ್ಷದ ಜನವರಿಯ ಒಂದು ಶುಕ್ರವಾರ ಆ ಹೆಸರು ಮಣ್ಣುಪಾಲಾಯಿತು.

ಆ ದಿನ ಬೆಳಿಗ್ಗೆ ಅವನು ಕಣಕ್ಕೆ ಬಂದು ನೋಡುತ್ತಾನೆ, ನರಪಿಳ್ಳೆ ಇಲ್ಲ! ರೋಬಸ್ಟಾ ಕಾಫಿ ಹಣ್ಣು ಗಿಡದಲ್ಲಿ ಕೆಂಪಗೆ ಕೂತು ಕರೆಯುತ್ತಿದೆ, ಕೊಯ್ಯುವವರು ಒಬ್ಬರೂ ಇಲ್ಲ. ಕೂಲಿಯವರು ಸಾಲಾಗಿ ವಾಸವಿರುವ ಲೈನಿನ ಕಡೆ ಓಡಿದರೆ ಮನೆ ಮನೆಗೂ ಬೀಗ. ಒಂದು ನಾಯಿ, ಕಾಲು ನೋವಿನ ಶಿವಮ್ಮಜ್ಜಿ, ಇಬ್ಬರೇ. "ಎಲ್ಲಾ ಪಿಕ್ಚರ್‌ಗೆ ಹೋದ್ರು ಕಣಪ್ಪ. ಇವತ್ತು ರಿಲೀಸಂತೆ. ನಾನೂ ಹೋಗ್ತಿದ್ದೆ, ಜೀಪಲ್ಲಿ ಜಾಗ ಸಾಲ್ಲಿಲ್ಲ" ಅಂದಳು ಅಜ್ಜಿ. ಹೋದವರು ಅವತ್ತು ಬರಲಿಲ್ಲ, ಮಾರನೆಯ ದಿನ ನಿದ್ದೆಗಣ್ಣಲ್ಲಿ ಅರ್ಧ ಜನ ಬಂದರು, ಭಾನುವಾರ ಹೇಗೂ ರಜೆ. ಆ ಭಾನುವಾರ ಸಂಜೆಯೇ ಮಳೆ ಹೊಡೆಯಿತು.

ರೋಬಸ್ಟಾ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ. ಹಣ್ಣು ಗಿಡದಲ್ಲಿರುವಾಗ ಮಳೆ ಬಿದ್ದರೆ ಅರ್ಧ ಹಣ್ಣು ಉದುರಿ ಮಣ್ಣು ಸೇರುತ್ತದೆ. ಅದಾದರೂ ಹೋಗಲಿ. ವಾರದೊಳಗೆ ಗಿಡವೆಲ್ಲ ಬೆಳ್ಳಗೆ ಹೂ ಬಿಟ್ಟುಬಿಡುತ್ತದೆ. ಹೂವಿನ ನಡುವೆ ಕೈ ಹಾಕಿ ಉಳಿದ ಹಣ್ಣು ಕಿತ್ತರೆ ಹೂವೂ ಉಜ್ಜಿ ಹೋಗುತ್ತದೆ, ಅಲ್ಲಿಗೆ ಬರುವ ವರ್ಷದ ಬೆಳೆಗೂ ಎಳ್ಳುನೀರು. ಮೊಣ್ಣಪ್ಪನವರು ವರಾಂಡದಲ್ಲಿ ಕೂತು ಹೂ ಬಿಟ್ಟ ತೋಟವನ್ನು ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನಾಗಾರ್ಜುನನಿಗೆ ಸಮಾಧಾನವಾಗುತ್ತಿತ್ತು.

"ರೈಟ್ರೇ, ಇನ್ನೊಂದ್ ಸಲ ಹೀಗಾದ್ರೆ ನೀವು ಬೇರೆ ತೋಟ ನೋಡ್ಕೊಳ್ಳಿ. ನನಗೆ ಬೇರೆ ದಾರಿ ಇಲ್ಲ" ಅಂದರು, ಮೆತ್ತಗೆ.

ಬೇರೆ ತೋಟ ಅಂದರೆ ಬೇರೆ ಮನೆ. ಇರುವ ಕ್ವಾರ್ಟರ್ಸು ಎಸ್ಟೇಟಿನದು. ಹೆಂಡತಿ ಹಿತ್ತಲಿನಲ್ಲಿ ಬೆಳೆಸಿದ ಮೆಣಸಿನ ಬಳ್ಳಿ, ಕೋಳಿಗೂಡು, ಮಗಳ ಕಾಲೇಜು, ಎಲ್ಲಾ ಈ ಕೆಲಸದ ಕಾಲಿಗೆ ಕಟ್ಟಿಕೊಂಡಿದ್ದವು. ಈ ವಯಸ್ಸಿನಲ್ಲಿ ಹೊಸ ತೋಟದ ಗೇಟಿನ ಮುಂದೆ ಕೈಕಟ್ಟಿ ನಿಲ್ಲುವುದನ್ನು ನೆನೆದರೆ ನಾಗಾರ್ಜುನನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹಾಗಾಗಿ ಅವನು ಒಂದು ತೀರ್ಮಾನಕ್ಕೆ ಬಂದ. ಪಿಕ್ಚರ್ ಯಾವತ್ತು ಬರುತ್ತದೆ ಅಂತ ಲೈನಿನವರಿಗಿಂತ ಮುಂಚೆ ತನಗೆ ಗೊತ್ತಿರಬೇಕು. ಗೊತ್ತಿದ್ದರೆ ಆ ಶುಕ್ರವಾರಕ್ಕೆ ಮುಂಚೆಯೇ ಮಾಗಿದ ಬ್ಲಾಕನ್ನು ಮುಗಿಸಿಬಿಡಬಹುದು. ಹೇಳುವಷ್ಟು ಸುಲಭವೇ? ಮೇಲಿನ ಲೈನಿನಲ್ಲಿ ಕನ್ನಡದವರು, ಕೆಳಗಿನ ಲೈನಿನಲ್ಲಿ ತಮಿಳಿನವರು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮನೆಯ ಹತ್ತಿರ ಮಲಯಾಳದವರು. ಒಬ್ಬೊಬ್ಬರಿಗೆ ಒಬ್ಬೊಬ್ಬ ಹೀರೋ. ಪೇಪರಿನಲ್ಲಿ ನೋಡಿದ ತಾರೀಖು ಮುಂದಿನ ವಾರದ ಪೇಪರಿನಲ್ಲಿ ಬದಲಾಗಿರುತ್ತದೆ. ಬೆಂಗಳೂರಿನಲ್ಲಿ ಬಂದದ್ದು ಕುಶಾಲನಗರಕ್ಕೆ ಬಂತೋ, ಹಾಸನಕ್ಕೆ ಬಂತೋ, ಎಲ್ಲೂ ಬರಲಿಲ್ಲವೋ, ದೇವರಿಗೇ ಗೊತ್ತು. ಪಾಪದ ಮನುಷ್ಯ ಪೇಟೆಗೆ ಹೋದಾಗಲೆಲ್ಲ ಗೋಡೆಯ ಪೋಸ್ಟರುಗಳ ಮುಂದೆ ನಿಂತು ಬಾಯಿ ಬಿಟ್ಟುಕೊಂಡು ಓದತೊಡಗಿದ. ರೈಟ್ರಿಗೆ ಈ ವಯಸ್ಸಿನಲ್ಲಿ ಹೀರೋಯಿನ್ ಹುಚ್ಚು ಹಿಡಿದಿದೆ ಅಂತ ಪೇಟೆಯಲ್ಲಿ ಆಡಿಕೊಂಡರು.

ಆಗ ಒದಗಿ ಬಂದವಳು ಮಗಳು ದಿವ್ಯಶ್ರೀ. ಕುಶಾಲನಗರದಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿಸಿಎ ಕೊನೆಯ ವರ್ಷ ಓದುತ್ತಿದ್ದಳು. ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬಂದರೆ ಸೋಮವಾರ ಬೆಳಿಗ್ಗೆ ವಾಪಸ್ಸು.

"ಅಪ್ಪ, ಪ್ರಾಜೆಕ್ಟಿಗೆ ಒಂದು ವೆಬ್‌ಸೈಟ್ ಮಾಡ್ಬೇಕು. ಕ್ಲಾಸಲ್ಲಿ ಎಲ್ರೂ ಲೈಬ್ರರಿ, ಬಟ್ಟೆ ಅಂಗಡಿ ಅಂತ ಹಿಡ್ಕೊಂಡಿದ್ದಾರೆ. ನಂಗೇನೂ ಹೊಳೀತಿಲ್ಲ" ಅಂದಳು ಒಂದು ಭಾನುವಾರ.

"ಪಿಕ್ಚರ್ ಯಾವತ್ತು ಬರುತ್ತೆ ಅಂತ ಹೇಳೋದೊಂದು ಮಾಡು" ಅಂದ ನಾಗಾರ್ಜುನ, ಒಂದು ಕ್ಷಣವೂ ಯೋಚಿಸದೆ.

ದಿವ್ಯಶ್ರೀ ಅಪ್ಪನ ಮುಖ ನೋಡಿದಳು. ಮದುವೆಯಾದ ಮೇಲೆ ಟಾಕೀಸಿನ ಮೆಟ್ಟಿಲು ಹತ್ತದ ಆಸಾಮಿ ಇವನು. ಟೀವಿಯಲ್ಲಿ ಹಾಡು ಬಂದರೆ ಎದ್ದು ಹೋಗುತ್ತಾನೆ. ಆದರೂ ವಿಷಯ ಅವಳಿಗೆ ಹಿಡಿಸಿತು.

ಮೊದಲು ಮಾಡಿಕೊಂಡು ಬಂದದ್ದು ಭಾರೀ ಜೋರಾಗಿತ್ತು. ಕಪ್ಪು ಹಿನ್ನೆಲೆ, ಹೀರೋಗಳ ದೊಡ್ಡ ದೊಡ್ಡ ಚಿತ್ರ, ಮುಟ್ಟಿದರೆ ಟ್ರೇಲರ್. ಲೆಕ್ಚರರ್ ಭೇಷ್ ಅಂದಿದ್ದರಂತೆ. ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಕಣದ ಮೂಲೆಯ ನೀರಿನ ಟ್ಯಾಂಕಿನ ಕೆಳಗೆ ಮಾತ್ರ. ಅಪ್ಪ ಮಗಳು ಅಲ್ಲಿ ಹೋಗಿ ನಿಂತರು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

"ನಮ್ಮ ಪಲ್ಪರ್ ಇದಕ್ಕಿಂತ ವಾಸಿ. ತಿರುಗಿದ ಮೇಲೆ ಏನಾದ್ರೂ ಉದುರುತ್ತೆ" ಅಂದ ನಾಗಾರ್ಜುನ.

ಕೊನೆಗೂ ತೆರೆದುಕೊಂಡದ್ದು ಒಂದು ಪ್ರಶ್ನೆ. ಹೆಸರು ಕೊಡಿ, ಇಮೇಲ್ ಕೊಡಿ. ನಾಗಾರ್ಜುನನಿಗೆ ರೇಗಿತು. "ಟಿಕೆಟ್ ಹರಿಯೋನೂ ಹೆಸರು ಕೇಳಲ್ಲ. ತಾರೀಖು ಕೇಳೋಕೆ ಬಂದೋನ ಜಾತಕ ಯಾಕಮ್ಮ ಇದಕ್ಕೆ?"

ಮಗಳಿಗೆ ಮುಖ ಸಣ್ಣದಾಯಿತು. ಆದರೆ ಬುದ್ಧಿವಂತೆ. ಮುಂದಿನ ಶನಿವಾರ ಬರುವಾಗ ಹೆಸರು ಕೇಳುವುದನ್ನು ಕಿತ್ತು ಹಾಕಿದ್ದಳು, ಟ್ರೇಲರನ್ನೂ ಕಿತ್ತು ಹಾಕಿದ್ದಳು. ಒಂದೇ ಪುಟ, ಬಿಳಿ ಹಿನ್ನೆಲೆ, ತಿಂಗಳ ಕ್ಯಾಲೆಂಡರು. ನಾಗಾರ್ಜುನ ಅದಕ್ಕೂ ಮೂಗು ಮುರಿದ. ತೋಟದಲ್ಲಿ ತಾರೀಖು ನೋಡಿ ಬದುಕುವವರು ಯಾರು? ಈ ವಾರ, ಬರೋ ವಾರ, ಆಚೆ ವಾರ, ಅಷ್ಟೇ. ಅವಳು ಕ್ಯಾಲೆಂಡರನ್ನು ಅಳಿಸಿ ಅಷ್ಟನ್ನೇ ದಪ್ಪ ಅಕ್ಷರದಲ್ಲಿ ಇಟ್ಟಳು. ಕನ್ನಡದ್ದಕ್ಕೆ ಹಳದಿ ಪಟ್ಟಿ, ತಮಿಳಿನದಕ್ಕೆ ನೀಲಿ, ಮಲಯಾಳದ್ದಕ್ಕೆ ಹಸಿರು. ಪಿಕ್ಚರ್ ಹೆಸರಿನ ಕೆಳಗೆ ಯಾವ ಊರಿನ ಟಾಕೀಸು ಅಂತ. ಅದಕ್ಕಾಗಿ ಕುಶಾಲನಗರ, ಹಾಸನದ ಟಾಕೀಸಿನವರಿಗೆ ಫೋನು ಮಾಡಿ ಕೇಳುತ್ತಿದ್ದಳು. ಎಲ್ಲಕ್ಕಿಂತ ಕೆಳಗೆ ಇನ್ನೊಂದು ಜಾಗ ಮಾಡಿದಳು: 'ಇನ್ನೂ ಗೊತ್ತಿಲ್ಲ'.

"ಇದ್ಯಾಕೆ? ಗೊತ್ತಿಲ್ಲದ್ದನ್ನ ಯಾರಾದ್ರೂ ಬರೀತಾರಾ?" ಅಂದ ಅಪ್ಪ.

"ಗೊತ್ತಿಲ್ಲ ಅಂತ ಹೇಳಿದ್ರೇನೇ ಅಪ್ಪ, ಗೊತ್ತು ಅಂದಿದ್ದನ್ನ ಜನ ನಂಬೋದು."

ಪುಟಕ್ಕೆ 'ಪಿಕ್ಚರ್ ಯಾವತ್ತು?' ಅಂತಲೇ ಹೆಸರಿಟ್ಟಳು. ಟ್ಯಾಂಕಿನ ಕೆಳಗೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ನಾಗಾರ್ಜುನ ಕನ್ನಡಕವಿಲ್ಲದೆ ಓದಿದ. ಹೆಮ್ಮೆಯಿಂದ ಎದೆ ಉಬ್ಬಿತು, ಹೇಳಲಿಲ್ಲ. "ಪರವಾಗಿಲ್ಲ" ಅಂದ. ಇನ್ನು ಲೈನಿನವರ ಆಟ ನಡೆಯುವುದಿಲ್ಲ ಅಂತ ಒಳಗೊಳಗೇ ಹಿಗ್ಗಿದ.

ಆ ಹಿಗ್ಗು ಮಾರನೆಯ ದಿನ ಸಂಜೆಯವರೆಗೂ ಬಾಳಲಿಲ್ಲ. ವೆಬ್‌ಸೈಟ್ ಮಾಡಿದರೆ ಸಾಲದು, ಅದನ್ನು ಜನರ ಕೈಗೆ ಕೊಟ್ಟು ಬಳಸಲು ಬರುತ್ತದೋ ಇಲ್ಲವೋ ನೋಡಬೇಕು ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ದಿವ್ಯಶ್ರೀ ಅಪ್ಪನನ್ನು ಕೇಳಲೂ ಇಲ್ಲ, ಫೋನು ಹಿಡಿದು ನೇರ ಮೇಲಿನ ಲೈನಿಗೆ ಹೋಗಿ ದೊಡ್ಡಿಯ ಮನೆಯ ಜಗಲಿಯಲ್ಲಿ ಕೂತುಬಿಟ್ಟಳು.

ದೊಡ್ಡಿ ಅಂದರೆ ಪಿಕ್ಕಿಂಗ್ ಹೆಂಗಸರ ಮುಂದಾಳು. ಅವಳು ಬಾ ಅಂದರೆ ಹೆಂಗಸರು ಬರುತ್ತಾರೆ, ಕೂರಿ ಅಂದರೆ ಕೂರುತ್ತಾರೆ. ಓದು ಬರಹ ಬಾರದು, ಬಾಯಿ ಮಾತ್ರ ಕತ್ತಿ. ರೈಟರನ ಮಾತನ್ನು ಅವಳು ನಂಬಿದ ದಿನ ಇಲ್ಲ, ಅದಕ್ಕೆ ಕಾರಣವೂ ಇತ್ತು. ಇವತ್ತು ಬೇಗ ಬಿಡ್ತೀನಿ ಅಂತ ಹೇಳಿ ಕತ್ತಲಾಗುವವರೆಗೆ ಕೊಯ್ಯಿಸಿದವನು, ನಾಳೆ ಹತ್ತಿರದ ಬ್ಲಾಕು ಅಂತ ಹೇಳಿ ಗುಡ್ಡದ ನೆತ್ತಿಗೆ ಅಟ್ಟಿದವನು ನಾಗಾರ್ಜುನನೇ ಅಲ್ಲವೇ! ಕೆಲಸ ಆಗಬೇಕಲ್ಲ ಅಂತ ಅವನ ಸಬೂಬು. ದೊಡ್ಡಿಯ ಕಡೆಯವರಿಗೂ ಸಬೂಬಿಗೆ ಬರವಿರಲಿಲ್ಲ. ಚೀಲ ಹೊರುವ ಜವರಿಯ ಅಜ್ಜಿಯಂತೂ ಪ್ರತಿಯೊಂದು ದೊಡ್ಡ ಪಿಕ್ಚರಿಗೂ ಒಂದು ಸಲ ಸಾಯುತ್ತಿದ್ದಳು.

ದೊಡ್ಡಿ ಪುಟವನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಬಣ್ಣ ಏನೋ ಗೊತ್ತಾಯ್ತದೆ ಕಣವ್ವ. ಹೀರೋ ಮುಖನೇ ಇಲ್ವಲ್ಲ? ಮುಖ ಇಲ್ದಿದ್ರೆ ಯಾರ್ದು ಅಂತ ನಂಗೆಂಗ್ ತಿಳೀಬೇಕು?"

ಉಗುರಿನಷ್ಟು ದೊಡ್ಡ ಮುಖ ಹಾಕಿದರೆ ನೆಟ್‌ವರ್ಕಿಗೆ ಭಾರವಾಗುವುದಿಲ್ಲ ಅಂತ ದಿವ್ಯಶ್ರೀಗೆ ಅಲ್ಲೇ ಹೊಳೆಯಿತು. ಟ್ಯಾಂಕಿನ ಕೆಳಗೆ ಹೋಗಿ ಮುಖ ಹಾಕಿಕೊಂಡು ಬಂದು ತೋರಿಸಿದಳು. ಸಂಜೆಯ ಹೊತ್ತಿಗೆ ಪುಟ ಮೂರು ಲೈನಿನ ಎಲ್ಲಾ ಫೋನುಗಳಲ್ಲೂ ಇತ್ತು.

ನಾಗಾರ್ಜುನ ತಲೆಯ ಮೇಲೆ ಕೈ ಹೊತ್ತುಕೊಂಡ. "ಲೇ, ನಾನು ಅವರನ್ನ ಹಿಡಿಯೋಕೆ ಅಂತ ಮಾಡ್ಸಿದ್ದು! ನೀನು ಅವರ ಕೈಗೇ ಕೊಟ್ಟು ಬಂದ್ಯಾ?"

"ಹಿಡಿಯೋಕಾ?" ದಿವ್ಯಶ್ರೀಗೆ ನಗು ಬಂತು, ಆಮೇಲೆ ಸಿಟ್ಟು ಬಂತು. "ಅವರೇನು ಕಾಡುಹಂದೀನಾ ಅಪ್ಪ, ಬಲೆ ಹಾಕೋಕೆ?"

ಅಂದಿನಿಂದ ಸಂಜೆ ಹಣ್ಣು ತೂಕವಾದ ಮೇಲೆ ಟ್ಯಾಂಕಿನ ಕೆಳಗೆ ಜನ ನಿಲ್ಲುವುದು ರೂಢಿಯಾಯಿತು. ರೈಟರ್ ಏನೇ ಹೇಳಲಿ, ಗುಂಪಿನಿಂದ ಒಂದೇ ಪ್ರಶ್ನೆ: "ಪುಟದಲ್ಲಿ ಐತಾ?" ನಾಳೆ ಮೋಡ ಕಟ್ಟುತ್ತೆ ಅಂದರೂ "ಪುಟದಲ್ಲಿ ಐತಾ?" ಸಾವ್ಕಾರ್ರು ಬರ್ತಾರೆ ಅಂದರೂ "ಪುಟದಲ್ಲಿ ಐತಾ?" ಇಷ್ಟು ವರ್ಷ ಹಾಜರಿ ಬರೆದವನ ಮಾತಿಗಿಲ್ಲದ ಬೆಲೆ ನಿನ್ನೆ ಮೊನ್ನೆ ಹುಟ್ಟಿದ ಪುಟಕ್ಕೆ! ನಾಗಾರ್ಜುನನಿಗೆ ಮಗಳ ಮೇಲೆಯೇ ಹೊಟ್ಟೆಕಿಚ್ಚಾಯಿತು.

ಮತ್ತೆ ಜನವರಿ ಬಂತು. ರೋಬಸ್ಟಾ ಈ ಸಲ ಹೋದ ವರ್ಷಕ್ಕಿಂತ ಚೆನ್ನಾಗಿ ಕಚ್ಚಿತ್ತು. ಹಳ್ಳದ ಪಕ್ಕದ ದೊಡ್ಡ ಬ್ಲಾಕು ಕೆಂಪಗೆ ತಿರುಗಿದ ವಾರವೇ ಪುಟದಲ್ಲಿ ಹಳದಿ ಪಟ್ಟಿಯೊಂದು 'ಬರೋ ವಾರ'ದ ಕೆಳಗೆ ಬಂದು ಕೂತಿತು. ಹೋದ ವರ್ಷ ತೋಟ ಖಾಲಿ ಮಾಡಿಸಿದ ಅದೇ ಹೀರೋ. ಟೀವಿಯಲ್ಲಿ ಆ ಬರೋ ವಾರದ ಕೊನೆಗೇ ಮಳೆ ಅನ್ನುತ್ತಿದ್ದರು. ಭಾನುವಾರ ಮೊಣ್ಣಪ್ಪನವರು ನೆಂಟರ ಮದುವೆಗೆ ಅಂತ ಮಡಿಕೇರಿಗೆ ಹೊರಟು ನಿಂತಿದ್ದರು. ಜೀಪು ಹತ್ತುವಾಗ, "ಶುಕ್ರವಾರ ಬೆಳಿಗ್ಗೆ ವಾಪಸ್ ಬರ್ತೀನಿ ರೈಟ್ರೇ. ಆ ಬ್ಲಾಕು ನಿಮ್ಮ ಜವಾಬ್ದಾರಿ" ಅಂತಷ್ಟೇ ಹೇಳಿದರು.

ಎಷ್ಟು ಓಡಾಡಿ ಕೊಯ್ಯಿಸಿದರೂ ಅಷ್ಟು ದೊಡ್ಡ ಬ್ಲಾಕು ಶುಕ್ರವಾರದೊಳಗೆ ಮುಗಿಯುವಂತಿರಲಿಲ್ಲ. ಎರಡು ದಿನ ನಾಗಾರ್ಜುನ ಊಟ ಬಿಟ್ಟು ಯೋಚಿಸಿದ. ಮಂಗಳವಾರ ಮಧ್ಯಾಹ್ನ ಅವನಿಗೊಂದು ಉಪಾಯ ಹೊಳೆಯಿತು. ಪರೀಕ್ಷೆ ಇದ್ದರೆ ನೀವೇ ನೋಡಿಕೊಳ್ಳಿ ಅಂತ ಪುಟ ತಿದ್ದುವ ಪಾಸ್‌ವರ್ಡನ್ನು ಮಗಳು ಅವನಿಗೂ ಕೊಟ್ಟಿದ್ದಳು. ಹಳದಿ ಪಟ್ಟಿಯನ್ನು ಒಂದು ವಾರ ಕೆಳಗೆ ಇಳಿಸಿದರೆ ಮುಗಿಯಿತು. ಟೀವಿ ಏನಾದರೂ ಹೇಳಲಿ, ನಮ್ಮ ಟಾಕೀಸಿಗೆ ಒಂದು ವಾರ ತಡ ಅಂತ ಜನ ತಿಳಿದುಕೊಳ್ಳುತ್ತಾರೆ. ಪುಟದಲ್ಲಿದೆಯಲ್ಲ, ನಂಬುತ್ತಾರೆ. ಆಮೇಲೆ ತಪ್ಪಾಯಿತು ಅಂತ ಹಲ್ಲು ಕಿರಿದರಾಯಿತು. ಇದು ಮಗಳ ಹೆಸರಿನಲ್ಲಿ ಹೇಳುವ ಸುಳ್ಳು ಅಂತ ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮನೆ ಉಳಿಯಬೇಕಲ್ಲ.

ಟ್ಯಾಂಕಿನ ಕೆಳಗೆ ಕೂತು ಹಳದಿ ಪಟ್ಟಿಯ ಮೇಲೆ ಬೆರಳಿಟ್ಟದ್ದೇ ತಡ, ಹಿಂದಿನಿಂದ ದೊಡ್ಡಿಯ ದನಿ.

"ರೈಟ್ರೇ, ಶುಕ್ರವಾರಾನೇ ತಾನೆ? ಮಗಳು ಹಾಕವ್ಳೆ ಅಂತ ನೋಡಿ ಜೀಪು ಓಡ್ಸೋ ನಿತೇಶಂಗೆ ಹೇಳ್ಬಿಟ್ಟಿದೀವಿ. ಈ ಸಲ ಶಿವಮ್ಮಜ್ಜಿಗೂ ಜಾಗ ಇಟ್ಟಿದೀವಿ. ಆ ಮಗಾ ಒಂದು ದಿನಾನೂ ಸುಳ್ಳು ಬರ್ದಿಲ್ಲ ಕಣ್ ರೈಟ್ರೇ. ನಿಮ್ಮ ಹೊಟ್ಟೇಲಿ ಎಂಗ್ ಹುಟ್ಟಿದ್ಲೋ!"

ಹಣ್ಣಿನ ಚೀಲ ತಲೆಯ ಮೇಲೆ ಹೊತ್ತು ನಗುತ್ತಾ ನಿಂತಿದ್ದಳು. ತಮಾಷೆಗೆ ಅಂದದ್ದೇ. ಆದರೆ ನಾಗಾರ್ಜುನನಿಗೆ ನಾಚಿಕೆಯಾಯಿತು, ನೆಲ ಬಿರಿಯಬಾರದೇ ಅನ್ನಿಸುವಂಥ ನಾಚಿಕೆ. ಬೆರಳು ತಾನಾಗಿ ಹಿಂದೆ ಬಂತು. ಆ ನಾಚಿಕೆಯ ಭರದಲ್ಲೇ, ಮುಂದೇನು ಅಂತ ಯೋಚಿಸದೆ ಹೇಳಿಬಿಟ್ಟ.

"ಶುಕ್ರವಾರಾನೇ. ಹೋಗ್ಬನ್ನಿ. ಶುಕ್ರವಾರ ತೋಟಕ್ಕೆ ರಜೆ. ಅದರ ಬದಲು ಭಾನುವಾರ ಕೆಲಸಕ್ಕೆ ಬರ್ಬೇಕು."

ದೊಡ್ಡಿಯ ನಗು ನಿಂತಿತು. "ನೀವಾಗಿ ರಜೆ ಕೊಡ್ತಿದೀರಾ?"

"ಹೂಂ. ಪಿಕ್ಚರ್ ದಿನ ರಜೆ."

"ಸಾವ್ಕಾರ್ರು?"

"ಅದು ನನಗೆ ಬಿಡು."

"ಜವರಿ ಅಜ್ಜಿ ಸಾಯೋದು ಬ್ಯಾಡ್ವಾ?"

"ಬೇಡ. ಆ ಯಮ್ಮನ್ನ ಇನ್ನಾದ್ರೂ ಸುಖವಾಗಿ ಬದುಕೋಕೆ ಬಿಡಿ."

ಮನೆಗೆ ಬಂದು ಹೇಳಿದಾಗ ಹೆಂಡತಿ ಸೌಟು ಹಿಡಿದ ಕೈಯನ್ನು ಹಣೆಗೆ ಬಡಿದುಕೊಂಡಳು. "ನಿಮಗೇನು ಬುದ್ಧಿ ಗಿದ್ಧಿ ಐತಾ? ಭಾನುವಾರ ಬಟ್ಟೆ ಒಗೆಯೋದು, ಕೋಳಿ ಕುಯ್ಯೋದು ಬಿಟ್ಟು ಯಾರು ಬರ್ತಾರೆ? ಸಾವ್ಕಾರ್ರು ಶುಕ್ರವಾರ ಬಂದು ಖಾಲಿ ಕಣ ನೋಡಿದ್ರೆ ಅವತ್ತೇ ನಮ್ಮ ಪಾತ್ರೆ ಪಡಗ ಹೊರಗೆ!" ಅವಳು ಹೇಳುವುದರಲ್ಲಿ ತಪ್ಪೇನಿತ್ತು?

ಗುರುವಾರ ಮಧ್ಯಾಹ್ನ ಪಡುವಣದಲ್ಲಿ ಮೋಡ ಕಾಣಿಸಿಕೊಂಡಿತು. ಮಳೆ ಶನಿವಾರವೇ ಬಂದುಬಿಟ್ಟರೆ ಭಾನುವಾರದ ಕೆಲಸ ಯಾರಿಗೆ ಬೇಕು? ರಜೆ ವಾಪಸ್ ತೆಗೆದುಕೊಳ್ಳೋಣ ಅಂದರೆ ಕೊಟ್ಟ ಮಾತು. ಜೀವನದಲ್ಲಿ ಮೊದಲ ಸಲ ಉಳಿಸಿಕೊಳ್ಳಬೇಕು ಅಂತ ಕೊಟ್ಟ ಮಾತು, ಅದಕ್ಕೇ ಈ ಗತಿ! ಹೀಗೆ ತನ್ನನ್ನು ತಾನೇ ಶಪಿಸಿಕೊಳ್ಳುತ್ತಾ ಸಂಜೆ ಟ್ಯಾಂಕಿನ ಕೆಳಗೆ ನಿಂತಿದ್ದಾಗ ಫೋನು ಬಡಿದುಕೊಂಡಿತು. ದಿವ್ಯಶ್ರೀ.

"ಅಪ್ಪ, ಪಿಕ್ಚರ್ ನಾಳೆ ಇಲ್ಲ. ಒಂದು ವಾರ ಮುಂದಕ್ಕೆ ಹಾಕಿದ್ದಾರೆ. ಟಾಕೀಸಿನವರೇ ಹೇಳಿದ್ರು. ಪುಟದಲ್ಲಿ ಈಗ ತಾನೇ ಬದಲಾಯಿಸ್ದೆ."

ನಾಗಾರ್ಜುನ ಟ್ಯಾಂಕಿನ ಕಂಬ ಹಿಡಿದುಕೊಂಡ. ಎಂಥ ಸುದ್ದಿ! ಓಡಿ ಹೋಗಿ ಲೈನಿನಲ್ಲಿ ಕೂಗಿ ಹೇಳಬೇಕು, ನಾಳೆ ಪಿಕ್ಚರ್ ಇಲ್ಲ, ಕೆಲಸಕ್ಕೆ ಬನ್ನಿ ಅಂತ. ಮೇಲಿನ ಲೈನಿನ ದಾರಿಯಲ್ಲಿ ಅರ್ಧ ನಡೆದ. ಅಲ್ಲಿ ಅವನ ಕಾಲು ನಿಂತಿತು. ಮಂಗಳವಾರ ರಜೆ ಕೊಟ್ಟ ರೈಟರ್ ಗುರುವಾರ ಸಂಜೆ ಬಂದು ಪಿಕ್ಚರೇ ಇಲ್ಲ, ಕೆಲಸಕ್ಕೆ ಬನ್ನಿ ಅಂದರೆ ಯಾರು ನಂಬುತ್ತಾರೆ? ಮೋಡ ನೋಡಿ ಬುದ್ಧಿ ತೋರಿಸಿದ, ಪುಟವನ್ನೂ ಮಗಳ ಕೈಲಿ ತಿದ್ದಿಸಿದ ಅನ್ನುತ್ತಾರೆ. ಅನ್ನಲೇಬೇಕು. ಇಷ್ಟು ವರ್ಷ ಅವನು ಆಡಿದ್ದು ಇಂಥವೇ ಮಾತು. ತಾನು ನಿಜ ಹೇಳಿದರೂ ಸುಳ್ಳಾಗಿ ಕೇಳಿಸುತ್ತದೆ ಅಂತ ಅರ್ಥವಾದಾಗ ನಾಗಾರ್ಜುನನಿಗೆ ಅಳು ಬಂತು. ಯಾರಿಗೂ ಹೇಳದೆ ತಿರುಗಿ ಮನೆಗೆ ಬಂದ.

ಶುಕ್ರವಾರ ಬೆಳಿಗ್ಗೆ ಅವನಿಗೆ ಏಳುವ ಅವಸರವಿರಲಿಲ್ಲ. ಹಾಜರಿಗೆ ಜನವೇ ಇಲ್ಲದ ಮೇಲೆ ರೈಟರಿಗೇನು ಕೆಲಸ? ಕಾಫಿ ಕುಡಿದ, ಕೋಳಿಗೂಡಿನ ಬಾಗಿಲು ತೆಗೆದ, ಇನ್ನೊಂದು ಲೋಟ ಕಾಫಿ ಕುಡಿದ. ಮನೆಯಲ್ಲಿ ಕೂತರೆ ಹೆಂಡತಿಯ ಮುಖ ನೋಡಬೇಕಾಗುತ್ತದೆ ಅಂತ ಕೊನೆಗೆ ಎದ್ದು, ಚಪ್ಪಲಿ ಎಳೆಯುತ್ತಾ ಕಣದ ಕಡೆ ಹೊರಟ.

ಕಣದ ತಿರುವಿನಲ್ಲಿ ಮಾತು ಕೇಳಿಸಿತು. ಒಬ್ಬಿಬ್ಬರದ್ದಲ್ಲ. ಬಂದು ನೋಡಿದರೆ ಮೇಲಿನ ಲೈನು, ಕೆಳಗಿನ ಲೈನು, ಪಲ್ಪರ್ ಮನೆಯ ಹತ್ತಿರದವರು, ಎಲ್ಲರೂ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದಾರೆ. ಹೆಂಗಸರು ತಲೆಗೆ ಬಟ್ಟೆ ಕಟ್ಟಿ ತಯಾರಾಗಿದ್ದಾರೆ. ದೊಡ್ಡಿ ಸೊಂಟದ ಮೇಲೆ ಕೈ ಇಟ್ಟುಕೊಂಡಿದ್ದಾಳೆ.

"ಏನ್ ರೈಟ್ರೇ, ಇಷ್ಟೊತ್ತಾ ಬರೋದು? ನಾವ್ ಬಂದು ಎಷ್ಟೊತ್ತಾಯ್ತು! ಹಾಜರಿ ಬರ್ಯೋರೇ ಇಲ್ಲ. ಮೋಡ ಬೇರೆ ಕಟ್ಟೈತೆ."

ನಾಗಾರ್ಜುನನ ಬಾಯಿಂದ ಹೊರಟದ್ದು ದಡ್ಡ ಮಾತು. "ಇವತ್ತು ರಜೆ ಕೊಟ್ಟಿದ್ನಲ್ಲ?"

"ರಜೆ ಕೊಟ್ಟಿದ್ದು ಪಿಕ್ಚರ್‌ಗೆ ತಾನೆ?" ಅಂದಳು ದೊಡ್ಡಿ. "ಪಿಕ್ಚರ್ ಮುಂದಿನ ವಾರಕ್ಕೆ ಹೋಯ್ತಲ್ಲ, ಪುಟದಲ್ಲಿ ಬಂತು. ಪಿಕ್ಚರ್ ಹೋದ್ಮೇಲೆ ರಜೆನೂ ಅದರ ಜೊತೆ ಹೋಯ್ತು. ಇವತ್ತು ಮನೇಲಿ ಕೂತ್ರೆ ಮುಂದಿನ ಶುಕ್ರವಾರ ಯಾವ ಮುಖ ಇಟ್ಕೊಂಡು ಹೋಗಾದು? ಬೇಗ ಬರ್ಕಳಿ."

ಹಾಜರಿ ಬರೆಯುವಾಗ ನಾಗಾರ್ಜುನನಿಗೆ ಅಕ್ಷರಗಳು ಮಂಜಾಗಿ ಕಂಡವು. ಕನ್ನಡಕ ಮನೆಯಲ್ಲಿದೆ ಅಂತ ಯಾರಿಗೋ ಹೇಳಿದ. ದೊಡ್ಡಿ ಕೇಳಿಯೂ ಕೇಳದವಳಂತೆ ಹೆಂಗಸರನ್ನು ಕರೆದುಕೊಂಡು ಹಳ್ಳದ ಬ್ಲಾಕಿಗೆ ಇಳಿದಳು. ಅವತ್ತು ಅವರು ಕೊಯ್ದ ಹಾಗೆ ಆ ತೋಟದಲ್ಲಿ ಯಾರೂ ಕೊಯ್ದಿರಲಿಕ್ಕಿಲ್ಲ. ಜವರಿ ಗಿಡದಿಂದ ಗಿಡಕ್ಕೆ ಓಡಾಡಿ ತುಂಬಿದ ಚೀಲ ಹೊತ್ತು ತಂದ. ಕೆಳಗಿನ ಲೈನಿನವರು ತಮಿಳಿನಲ್ಲಿ ಹಾಡು ಎತ್ತಿದರು, ಮೇಲಿನವರು ಅದಕ್ಕೆ ಕನ್ನಡದಲ್ಲಿ ಗೇಲಿ ಮಾಡಿದರು.

ಹೊತ್ತೇರಿದ ಮೇಲೆ ಮೊಣ್ಣಪ್ಪನವರ ಜೀಪು ಬಂತು. ಮಡಿಕೇರಿಯಿಂದ ಬರುವಾಗ ದಾರಿಯಲ್ಲಿ ಯಾರೋ ಕಿವಿಯಲ್ಲಿ ಊದಿದ್ದರು, ನಿಮ್ಮ ರೈಟರ್ ಪಿಕ್ಚರ್ ನೋಡೋಕೆ ಇಡೀ ತೋಟಕ್ಕೆ ರಜೆ ಕೊಟ್ಟಿದ್ದಾನಂತೆ ಅಂತ. ಮುಖ ಕೆಂಡವಾಗಿತ್ತು. ಕಣಕ್ಕೆ ಬಂದವರು ಬಾಯಿ ತೆರೆಯುವ ಮೊದಲೇ ಹಳ್ಳದ ಕಡೆಯ ಗದ್ದಲ ಕೇಳಿ ನಿಂತರು. ಕಣದಲ್ಲಿ ಆಗಲೇ ಹಣ್ಣಿನ ರಾಶಿ ಬಿದ್ದಿತ್ತು.

"ಏನ್ರೀ ಇದು? ನೀವು ರಜೆ ಕೊಟ್ಟಿದ್ದೀರಿ ಅಂದ್ರಲ್ಲ?"

ಇಲ್ಲ ಸಾರ್, ಯಾರೋ ಸುಳ್ಳು ಹೇಳಿದ್ದಾರೆ ಅನ್ನಬಹುದಿತ್ತು. ಕೆಲಸ ಅಲ್ಲಿಗೆ ಸಲೀಸು. ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಕೊಟ್ಟಿದ್ದೆ ಸಾರ್. ಅವ್ರು ತಗೊಂಡಿಲ್ಲ" ಅಂದ ನಾಗಾರ್ಜುನ.

ನಡೆದದ್ದನ್ನೆಲ್ಲ ಹೇಳಿದ. ತಾರೀಖು ಬದಲಿಸಲು ಕೂತದ್ದನ್ನೂ ಬಿಡಲಿಲ್ಲ. ಮೊಣ್ಣಪ್ಪನವರು ಟೊಪ್ಪಿ ತೆಗೆದು ಗಾಳಿ ಹಾಕಿಕೊಳ್ಳುತ್ತಾ ಕೇಳಿದರು. ರಾಶಿಯಿಂದ ಒಂದು ಹಿಡಿ ಹಣ್ಣು ಎತ್ತಿ ನೋಡಿದರು, ಒಂದೂ ಹಸಿರು ಕಾಯಿ ಇರಲಿಲ್ಲ.

"ಮುಂದಿನ ಶುಕ್ರವಾರ?"

"ಹೋಗ್ತಾರೆ ಸಾರ್. ಹೋಗ್ಲೇಬೇಕು. ಅದರ ಬದಲು ಭಾನುವಾರ ಬರ್ತಾರೆ."

"ಬರ್ತಾರೆ ಅಂತ ಯಾರ್ ಹೇಳೋದು? ಆ ವೆಬ್‌ಸೈಟಾ?"

"ನಾನ್ ಹೇಳ್ತೀನಿ ಸಾರ್. ಬರ್ಲಿಲ್ಲ ಅಂದ್ರೆ ಸೋಮವಾರ ಮನೆ ಬಿಡ್ತೀನಿ."

ಹೇಳಿದ ಮೇಲೆ ಅವನಿಗೇ ಅಚ್ಚರಿಯಾಯಿತು. ಮೊಣ್ಣಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿ, "ಮನೆ ಯಾಕ್ರೀ ಬಿಡ್ತೀರಿ? ರಜೆ ಕೊಡಿ. ಆದ್ರೆ ಮುಂದಿನ ಸಲ ನನ್ನನ್ನೂ ಒಂದ್ ಮಾತು ಕೇಳಿ" ಅಂದು ಟೊಪ್ಪಿ ಹಾಕಿಕೊಂಡು ಮನೆಯ ಕಡೆ ನಡೆದರು.

ನಾಗಾರ್ಜುನ ಟ್ಯಾಂಕಿನ ಕೆಳಗೆ ಹೋಗಿ ಫೋನು ತೆಗೆದ. ಮಗಳಿಗೆ ಹೇಳಿ ಪುಟದಲ್ಲೇ ಹಾಕಿಸೋಣ, ಜನ ಅದನ್ನೇ ಅಲ್ಲವೇ ನಂಬುವುದು ಅಂದುಕೊಂಡ. ದಿವ್ಯಶ್ರೀಯ ಫೋನು ಬಂದ್ ಆಗಿತ್ತು, ಪರೀಕ್ಷೆಯ ಹಾಲ್‌ನಲ್ಲಿರಬೇಕು. ತಾನೇ ಒತ್ತೋಣ ಅಂದರೆ ಮಂಗಳವಾರ ಆ ಪುಟಕ್ಕೆ ಕೈ ಹಾಕಿದ್ದು ನೆನಪಾಗಿ ಮನಸ್ಸು ಬರಲಿಲ್ಲ. ಸಂಜೆಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಫೋನನ್ನು ಜೇಬಿಗಿಟ್ಟು ಹಳ್ಳದ ಬ್ಲಾಕಿಗೆ ಇಳಿದ.

ದೊಡ್ಡಿ ಕೊಂಬೆ ಬಗ್ಗಿಸಿ ಹಣ್ಣು ಕೀಳುತ್ತಿದ್ದಳು. ನಾಗಾರ್ಜುನ ಏದುಸಿರು ಬಿಡುತ್ತಾ ಅವಳ ಗಿಡದ ಹತ್ತಿರ ನಿಂತ. "ದೊಡ್ಡಿ, ಮುಂದಿನ ಶುಕ್ರವಾರ ರಜೆ. ಸಾವ್ಕಾರ್ರು ಒಪ್ಪಿದ್ದಾರೆ. ಭಾನುವಾರ ಕೆಲಸ. ಇದು ಇನ್ನೂ..."

ಇದು ಇನ್ನೂ ಪುಟದಲ್ಲಿ ಬಂದಿಲ್ಲ ಅನ್ನಲು ಹೊರಟಿದ್ದ. ಸಂಜೆ ಬೇಕಾದರೆ ನೋಡಿಕೊಳ್ಳಿ ಅನ್ನಲು ಹೊರಟಿದ್ದ.

"ಆಯ್ತು ರೈಟ್ರೇ" ಅಂದಳು ದೊಡ್ಡಿ. ಆಚೆ ಸಾಲಿನ ಕಡೆ ತಿರುಗಿ, "ಏ ಮುದ್ದಿ, ಮುಂದಿನ ಶುಕ್ರವಾರ ರಜೆಯಂತೆ ಕಣೇ, ಭಾನುವಾರ ಬರ್ಬೇಕು, ರೈಟ್ರು ಹೇಳವ್ರೆ!" ಅಂತ ಕೂಗಿ, ಇನ್ನೊಂದು ಕೊಂಬೆಯನ್ನು ಬಗ್ಗಿಸಿಕೊಂಡಳು.